ಮೂರು ಬೆರಳ ಉಪ್ಪು, ಒಂದು ಮುಷ್ಟಿ ಬೆಲ್ಲ

ಸೇವಾ ಸಂಸ್ಥೆಗಳು ಪ್ರತಿ ವರ್ಷ ಒಂದು ವಾರ್ಷಿಕ ವರದಿಯನ್ನು ಹೊರತರುತ್ತವೆ. ಇಷ್ಟು ಲಕ್ಷ ಮಂದಿಗೆ ಆಹಾರ ಕಿಟ್, ಇಷ್ಟು ಸಾವಿರ ಕಂಬಳಿ, ಇಷ್ಟು ಬಾವಿ, ಇಷ್ಟು ಹೊಲಿಗೆ ಯಂತ್ರ ಎಂದು ಅದರಲ್ಲಿ ಬರೆದಿರುತ್ತದೆ. ಓದುವಾಗ ಮನಸ್ಸಿಗೆ ಹಿತವಾಗುತ್ತದೆ. ನಾವು ಕೊಟ್ಟ ನೂರು ರೂಪಾಯಿಯೂ ಆ ದೊಡ್ಡ ಮೊತ್ತದಲ್ಲಿ ಎಲ್ಲೋ ಸೇರಿದೆ ಎಂಬ ಸಮಾಧಾನ. ಆದರೆ ಸಹೋದರಿಯರೇ, ಕೊಟ್ಟದ್ದು ಎಷ್ಟು ಎಂಬುದು ಒಂದು ಲೆಕ್ಕವಾದರೆ, ಕೊಟ್ಟ ಮೇಲೆ ಆ ಮನೆಯಲ್ಲಿ ಉಳಿದದ್ದು ಏನು ಎಂಬುದು ಇನ್ನೊಂದು ಲೆಕ್ಕ. ಎರಡನೆಯ ಲೆಕ್ಕ ಬಹಳ ಕಷ್ಟದ್ದು. ಅದನ್ನು ಹಾಕಲು ಕೊಟ್ಟವರು ಮತ್ತೊಮ್ಮೆ ಆ ಮನೆಯ ಬಾಗಿಲಿಗೆ ಹೋಗಬೇಕಾಗುತ್ತದೆ.

ಹಾಗೆ ಮತ್ತೊಮ್ಮೆ ಬಾಗಿಲಿಗೆ ಹೋದವರ ಊರುಗಳನ್ನು ನೋಡಿ ಬರೋಣ ಬನ್ನಿ. ನಾವು ಹೋಗುವುದು ಬಾಂಗ್ಲಾದೇಶಕ್ಕೆ. ಬಡತನದ ವಿರುದ್ಧ ಕೆಲಸ ಮಾಡುವ ಜಗತ್ತಿನ ಅತಿ ದೊಡ್ಡ ಸಂಸ್ಥೆಗಳಲ್ಲಿ ಒಂದಾದ 'ಬ್ರಾಕ್' ಹುಟ್ಟಿದ್ದು ಅಲ್ಲಿ.

ಮಹಾಖಾಲಿಯ ಎರಡು ಕಟ್ಟಡಗಳು

ಢಾಕಾ ನಗರದ ಮಹಾಖಾಲಿ ಎಂಬಲ್ಲಿಗೆ ನೀವು ಹೋದರೆ ಮೊದಲು ಎದುರಾಗುವುದು ಸೈಕಲ್ ರಿಕ್ಷಾಗಳ ಗಂಟೆ ಸದ್ದು, ಬಸ್ಸುಗಳ ಹಾರ್ನ್, ಧೂಳು. ಅದರ ನಡುವೆ ಎತ್ತರದ ಒಂದು ಕಟ್ಟಡ. ಅದೇ ಬ್ರಾಕ್‌ನ ಮುಖ್ಯ ಕಚೇರಿ. ಕೆರೆಯ ಆಚೆ ಬದಿಯಲ್ಲಿ ಕೊರೈಲ್ ಎಂಬ ದೊಡ್ಡ ಕೊಳೆಗೇರಿ. ತಗಡಿನ ಮಾಡುಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಕಚೇರಿಯ ಕಿಟಕಿಯಲ್ಲಿ ನಿಂತವರಿಗೆ ತಮ್ಮ ಕೆಲಸ ಮುಗಿದಿಲ್ಲ ಎಂದು ಬೇರೆ ಯಾರೂ ನೆನಪಿಸಬೇಕಾಗಿಲ್ಲ.

ಅದೇ ಮಹಾಖಾಲಿಯಲ್ಲಿ ಇನ್ನೊಂದು ಕಟ್ಟಡವಿದೆ. ಊರಿನವರು ಅದನ್ನು ಕಾಲರಾ ಆಸ್ಪತ್ರೆ ಎಂದೇ ಕರೆಯುತ್ತಾರೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಮುಗಿಯುವಾಗ ಇನ್ನೊಮ್ಮೆ ಅಲ್ಲಿ ವಾಂತಿಭೇದಿ ರೋಗಿಗಳ ನೆರೆಯೇ ಬರುತ್ತದೆ. 2022ರ ಮಾರ್ಚ್-ಏಪ್ರಿಲ್‌ನಲ್ಲಿ ದಿನಕ್ಕೆ ಸಾವಿರಕ್ಕೂ ಹೆಚ್ಚು ರೋಗಿಗಳು ಬಂದು, ಅಂಗಳದಲ್ಲಿ ಡೇರೆ ಹಾಕಿ ಮಲಗಿಸಬೇಕಾಯಿತು. ಅಲ್ಲಿನ ಮಂಚಗಳ ನಡುವೆ ಒಂದು ತೂತು, ಅದರ ಕೆಳಗೊಂದು ಬಕೆಟ್. ರೋಗಿಯ ದೇಹದಿಂದ ಎಷ್ಟು ನೀರು ಹೋಯಿತೆಂದು ಅಳೆದು ಅಷ್ಟನ್ನೂ ಬಾಯಿಯ ಮೂಲಕ ತುಂಬಿಸಬೇಕು. ಹೆಚ್ಚಿನವರಿಗೆ ಚಿಕಿತ್ಸೆ ಇಷ್ಟೇ.

ಈ ಸರಳ ಚಿಕಿತ್ಸೆ ಸಾಧ್ಯ ಎಂಬುದನ್ನು 1968ರಲ್ಲಿ ಇದೇ ಸಂಸ್ಥೆಯಲ್ಲಿ, ಅಂದಿನ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿ, ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಯುವ ವೈದ್ಯರು ತೋರಿಸಿಕೊಟ್ಟರು. ಭೇದಿಯಾಗುವಾಗ ಬರೀ ನೀರು ಕುಡಿಸಿದರೆ ಕರುಳಲ್ಲಿ ನಿಲ್ಲುವುದಿಲ್ಲ. ಉಪ್ಪು ಮತ್ತು ಸಕ್ಕರೆ ಸರಿಯಾದ ಪ್ರಮಾಣದಲ್ಲಿ ಜೊತೆಗೂಡಿದರೆ ಸಕ್ಕರೆಯು ಉಪ್ಪನ್ನು ಕರುಳಿನ ಒಳಕ್ಕೆ ಕರೆದೊಯ್ಯುತ್ತದೆ, ಅವೆರಡರ ಬೆನ್ನಿಗೆ ನೀರೂ ಹೋಗುತ್ತದೆ. 1971ರ ಯುದ್ಧದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಈ ನೀರನ್ನು ತುಂಬಿಟ್ಟು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ಮೂರು-ನಾಲ್ಕಕ್ಕೆ ಇಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಭಾರತ ಸರಕಾರ ಮರುವರ್ಷ ಪದ್ಮವಿಭೂಷಣ ನೀಡಿ ಗೌರವಿಸಿತು.

ಮದ್ದು ಸಿಕ್ಕಿತು. ಆದರೆ ರಸ್ತೆಯಿಲ್ಲದ, ಆಸ್ಪತ್ರೆಯಿಲ್ಲದ ಸಾವಿರಾರು ಹಳ್ಳಿಗಳ ಗುಡಿಸಲಿಗೆ ಅದನ್ನು ಮುಟ್ಟಿಸುವುದು ಹೇಗೆ? ಆ ಉತ್ತರ ಹುಡುಕಿದವರು ವೈದ್ಯರಲ್ಲ, ಒಬ್ಬ ಲೆಕ್ಕಿಗ.

ನೀರಿನ ನಡುವಿನ ಶಾಲ್ಲಾ

ಢಾಕಾದಿಂದ ಈಶಾನ್ಯಕ್ಕೆ ಸುನಾಮ್‌ಗಂಜ್ ಜಿಲ್ಲೆ. ಅಲ್ಲಿಂದ ದಿರಾಯ್ ಮಾರ್ಗವಾಗಿ ಶಾಲ್ಲಾಕ್ಕೆ ಹೋಗಬೇಕು. ಮಳೆಗಾಲದಲ್ಲಿ ಹೊರಟರೆ ನಿಮಗೆ ದೋಣಿಯೇ ಗತಿ. ಈ ಪ್ರದೇಶವನ್ನು 'ಹಾವೊರ್' ಎನ್ನುತ್ತಾರೆ. ದೊಡ್ಡ ಬಟ್ಟಲಿನಂತಹ ತಗ್ಗು ಭೂಮಿ. ಉತ್ತರದಲ್ಲಿ ಮೇಘಾಲಯದ ಬೆಟ್ಟಗಳು; ಚಿರಾಪುಂಜಿ ಕಡೆಯಲ್ಲಿ ಸುರಿದ ಮಳೆಯೆಲ್ಲ ಇಳಿದು ಈ ಬಟ್ಟಲನ್ನು ತುಂಬುತ್ತದೆ. ವರ್ಷದ ಅರ್ಧ ಭಾಗ ಗದ್ದೆಯೇ ಸಮುದ್ರ. ದಿಬ್ಬ ಏರಿಸಿ ಕಟ್ಟಿಕೊಂಡ ಹಳ್ಳಿಗಳು ಅದರ ನಡುವೆ ದ್ವೀಪಗಳಂತೆ ತೇಲುತ್ತಿರುವ ಹಾಗೆ ಕಾಣುತ್ತವೆ. ಗಾಳಿ ಎದ್ದರೆ ಅಲೆಗಳು ಬಂದು ದಿಬ್ಬದ ಮಣ್ಣನ್ನು ಕೊರೆಯುತ್ತವೆ. ಮಳೆಗಾಲಕ್ಕೆ ದೋಣಿ, ಬೇಸಗೆಗೆ ಕಾಲು ಎಂಬುದು ಅಲ್ಲಿನ ಗಾದೆ. ಬೆಳೆ ವರ್ಷಕ್ಕೆ ಒಂದೇ, ಬೋರೊ ಭತ್ತ. ಕೊಯ್ಲಿಗೆ ಮುಂಚೆಯೇ ನೆರೆ ಬಂದರೆ ವರ್ಷದ ಅನ್ನವೇ ಹೋಯಿತು. 2017ರ ಏಪ್ರಿಲ್‌ನಲ್ಲಿ ಹಾಗೆಯೇ ಆಯಿತು.

1972ರ ಆರಂಭದಲ್ಲಿ ಈ ಶಾಲ್ಲಾದಲ್ಲಿ ಮನೆಗಳೇ ಇರಲಿಲ್ಲ. ಯುದ್ಧದಲ್ಲಿ ಊರಿಗೆ ಊರೇ ಸುಟ್ಟುಹೋಗಿತ್ತು. ಇಲ್ಲಿ ಹಿಂದೂ ಬೆಸ್ತರು, ರೈತರು ಬಹಳ ಮಂದಿ. ಭಾರತಕ್ಕೆ ಓಡಿಹೋಗಿದ್ದ ಅವರು ಮರಳಿದಾಗ ಅವರಿಗೆ ಸಿಕ್ಕಿದ್ದು ಬೂದಿ ಮಾತ್ರ. ಅಲ್ಲಿಗೆ ಬಂದವರು ಫಝ್ಲೆ ಹಸನ್ ಆಬೇದ್. ಪಕ್ಕದ ಹಬೀಬ್‌ಗಂಜ್‌ನ ಬನಿಯಾಚೊಂಗ್‌ನಲ್ಲಿ 1936ರಲ್ಲಿ ಹುಟ್ಟಿ, ಲಂಡನ್‌ನಲ್ಲಿ ಲೆಕ್ಕಪತ್ರ ಕಲಿತು, ಚಿತ್ತಗಾಂಗ್‌ನಲ್ಲಿ ಶೆಲ್ ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದವರು. 1970ರ ನವೆಂಬರ್‌ನ ಚಂಡಮಾರುತ ಲಕ್ಷಾಂತರ ಜನರನ್ನು ಕೊಚ್ಚಿಕೊಂಡು ಹೋದಾಗ ಗೆಳೆಯರ ಜೊತೆ ಮನ್‌ಪುರಾ ದ್ವೀಪಕ್ಕೆ ಹೋಗಿ ಪರಿಹಾರ ಕೆಲಸ ಮಾಡಿದ್ದರು. ಆಮೇಲೆ ಆ ಬದುಕಿಗೆ ಮರಳಲು ಅವರಿಂದ ಆಗಲಿಲ್ಲ. ಲಂಡನ್‌ನಲ್ಲಿದ್ದ ತನ್ನ ಫ್ಲ್ಯಾಟನ್ನು ಮಾರಿ ಆ ಹಣದಿಂದ ಶಾಲ್ಲಾದಲ್ಲಿ ಕೆಲಸ ಆರಂಭಿಸಿದರು. ಸಂಸ್ಥೆಯ ಮೊದಲ ಅಧ್ಯಕ್ಷೆ ಬಾಂಗ್ಲಾದ ಪ್ರಸಿದ್ಧ ಕವಯಿತ್ರಿ ಬೇಗಂ ಸೂಫಿಯಾ ಕಮಾಲ್ ಎಂಬುದು ನಮಗೆ ಹೆಮ್ಮೆಯ ವಿಷಯ.

ಮೊದಲ ವರ್ಷದ ವರದಿ ಯಾವ ಸಂಸ್ಥೆಯೂ ಹೆಮ್ಮೆಪಡುವಂತಿತ್ತು. ಸುಮಾರು 14,000 ಮನೆಗಳು, ಬೆಸ್ತರಿಗೆ ನೂರಾರು ದೋಣಿಗಳು. ಮನೆ ಕಟ್ಟಿಕೊಟ್ಟು ಹೊರಟುಬಿಡುವುದೇ ಉದ್ದೇಶವಾಗಿತ್ತು. ಆದರೆ ಮನೆ ಸಿಕ್ಕಿದವರು ಮನೆಯೊಳಗೆ ಹಸಿದೇ ಇದ್ದರು. ವಯಸ್ಕರಿಗೆ ಅಕ್ಷರ ಕಲಿಸಲು ತೆರೆದ ಕೇಂದ್ರಗಳು ಒಂದೊಂದಾಗಿ ಖಾಲಿಯಾದವು. ದಿನವಿಡೀ ದುಡಿದು ಬಂದವನಿಗೆ ಬೇಕಾದದ್ದು ಅಕ್ಷರಕ್ಕಿಂತ ಮೊದಲು ಅಕ್ಕಿ. ವರದಿಯಲ್ಲಿ ತೆರೆದ ಕೇಂದ್ರಗಳ ಸಂಖ್ಯೆ ಇತ್ತು, ಕಲಿತವರ ಸಂಖ್ಯೆ ಇರಲಿಲ್ಲ. ಈ ಲೆಕ್ಕಿಗನಿಗೆ ತಟ್ಟಿದ್ದು ಅದೇ.

ತಾಯಿಯ ನೆನಪಿನ ಪರೀಕ್ಷೆ

1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆಗ ಬಾಂಗ್ಲಾದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು ಇನ್ನೂರು ಮಕ್ಕಳು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ಅದಕ್ಕೆ ದೊಡ್ಡ ಕಾರಣ ಭೇದಿ. ಪ್ಯಾಕೆಟ್ ಪುಡಿಯನ್ನು ಎಲ್ಲ ಹಳ್ಳಿಗಳಿಗೆ ಒದಗಿಸುವಷ್ಟು ಕಾರ್ಖಾನೆಗಳಿರಲಿಲ್ಲ. ಮನೆಯಲ್ಲಿ ಅಳತೆಯ ಚಮಚವೂ ಇರಲಿಲ್ಲ. ಆದರೆ ಉಪ್ಪು ಇತ್ತು, ಬೆಲ್ಲ ಇತ್ತು, ಕೈ ಇತ್ತು. ಮೂರು ಬೆರಳಲ್ಲಿ ಹಿಡಿದ ಒಂದು ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. 'ಲಬಣ್-ಗುಡ್', ಅಂದರೆ ಉಪ್ಪು-ಬೆಲ್ಲ. ಇದನ್ನು ಮೊದಲು ಶಾಲ್ಲಾದಲ್ಲೇ ಪರೀಕ್ಷಿಸಿ ನೋಡಿದರು. 1980ರಿಂದ 1990ರವರೆಗೆ ಹತ್ತು ವರ್ಷಗಳಲ್ಲಿ ದೇಶದ 1.2 ಕೋಟಿಗೂ ಹೆಚ್ಚು ಮನೆಗಳಿಗೆ ಕಾಲ್ನಡಿಗೆಯಲ್ಲೇ ಹೋಗಿ ಕಲಿಸಿದರು.

ಕಲಿಸಿದವರು ಯಾರು? ಹೆಚ್ಚು ಓದದ, ಹಳ್ಳಿಗಾಡಿನ ಯುವತಿಯರು. ಸುಮಾರು ಹದಿನಾಲ್ಕು ಯುವತಿಯರು, ಒಬ್ಬ ಅಡುಗೆಯವ, ಒಬ್ಬ ಮೇಲ್ವಿಚಾರಕ ಎಂದು ಒಂದು ತಂಡ. ಹೆಣ್ಣುಮಕ್ಕಳು ಊರೂರು ಸುತ್ತುವುದು ರೂಢಿಯಿಲ್ಲದ ಕಾಲ ಅದು. ಅವರು ಗುಡಿಸಲ ಅಂಗಳದಲ್ಲಿ ಕುಳಿತು ತಾಯಿಗೆ ಪಾಠ ಹೇಳುತ್ತಿದ್ದರು. ತಾವೇ ಕಲಸಿ ತೋರಿಸಿ ಎದ್ದು ಹೋಗುತ್ತಿರಲಿಲ್ಲ. ತಾಯಿಯ ಕೈಯಿಂದಲೇ ಕಲಸಿಸುತ್ತಿದ್ದರು. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ. ಆದ್ದರಿಂದ ಮನೆಯ ಪಾತ್ರೆಯಲ್ಲಿ ಅರ್ಧ ಸೇರಿನ ಮಟ್ಟಕ್ಕೆ ಗುರುತು ಮಾಡಿಕೊಡುತ್ತಿದ್ದರು.

ಇನ್ನು ಮುಖ್ಯ ವಿಷಯಕ್ಕೆ ಬನ್ನಿ. ಈ ಹುಡುಗಿಯರ ಸಂಬಳ ಅವರು ಎಷ್ಟು ಮನೆಗೆ ಹೋದರು ಎಂಬುದರ ಮೇಲೆ ಇರಲಿಲ್ಲ. ಕೆಲವು ವಾರಗಳ ನಂತರ ಬೇರೊಬ್ಬರು ಅದೇ ಊರಿಗೆ ಹೋಗಿ, ಚೀಟಿ ಎತ್ತಿದಂತೆ ಕೆಲವು ಮನೆಗಳನ್ನು ಆರಿಸಿ, ತಾಯಿಯನ್ನು ಮಾತನಾಡಿಸುತ್ತಿದ್ದರು. ಏನು ನೆನಪಿದೆ? ಈಗ ಕಲಸಿ ತೋರಿಸುತ್ತೀರಾ? ಆ ನೀರಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದರಂತೆ 'ಎ', 'ಬಿ', 'ಸಿ', 'ಡಿ' ಎಂದು ದರ್ಜೆ. ಆ ದರ್ಜೆಗೆ ತಕ್ಕಂತೆ ಕಲಿಸಿದವಳ ಸಂಬಳ! ತಾಯಿ ಮರೆತರೆ ದಡ್ಡಿ ಎಂದು ತಾಯಿಯನ್ನು ದೂರುವಂತಿಲ್ಲ. ಕಲಿಸಿದ್ದು ಸಾಲದು ಎಂದೇ ಅರ್ಥ. ಮೊದಲು ಹತ್ತು ಅಂಶಗಳ ಪಾಠವಿತ್ತು. ಅಷ್ಟು ನೆನಪಿಡುವುದು ಕಷ್ಟವೆಂದು ಕಂಡಾಗ ಏಳಕ್ಕೆ ಇಳಿಸಿದರು.

ಈ ಮರುಭೇಟಿಯಲ್ಲಿ ಇನ್ನೊಂದು ಸತ್ಯ ಹೊರಬಿತ್ತು. ತಾಯಂದಿರಿಗೆ ನೆನಪೇನೋ ಚೆನ್ನಾಗಿತ್ತು. ಆದರೆ ಮಗುವಿಗೆ ಭೇದಿಯಾದಾಗ ಕಲಸಿ ಕೊಟ್ಟವರು ಬಹಳ ಕಡಿಮೆ! ಕೊಟ್ಟ ಪಾಠದ ಸಂಖ್ಯೆಯನ್ನು ಮಾತ್ರ ಬರೆದಿದ್ದರೆ ಈ ಸತ್ಯ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾರಣ ಹುಡುಕಿದಾಗ ತಿಳಿದದ್ದೇನು? ಹಳ್ಳಿಯ ತಾಯಂದಿರ ಲೆಕ್ಕದಲ್ಲಿ ಭೇದಿ ನಾಲ್ಕು ಬಗೆ. ಎದೆಹಾಲಿನ ಭೇದಿ, ಅಜೀರ್ಣದ ಭೇದಿ, ಆಮಶಂಕೆ ಮತ್ತು ನೀರಿನಂತೆ ಹೋಗುವ 'ಡಯೇರಿಯಾ'. ಕಲಿಸಿದವರು 'ಡಯೇರಿಯಾ'ಕ್ಕೆ ಮದ್ದು ಎಂದಿದ್ದರು. ಹಾಗಾಗಿ ಉಳಿದ ಮೂರಕ್ಕೆ ತಾಯಂದಿರು ಅದನ್ನು ಕೊಡಲಿಲ್ಲ. ಎರಡನೆಯದಾಗಿ, ಕಲಿಸುವ ಹುಡುಗಿಯರಿಗೇ ಈ ನೀರಿನಲ್ಲಿ ಪೂರ್ಣ ನಂಬಿಕೆ ಇರಲಿಲ್ಲ. ತಮಗೆ ಭೇದಿಯಾದರೆ ಬೇರೆ ಔಷಧ ನುಂಗುತ್ತಿದ್ದರು. ಮೂರನೆಯದಾಗಿ, ಗಂಡಸರನ್ನು ಯಾರೂ ಕೇಳಿರಲಿಲ್ಲ. ಅಂಗಡಿಯಿಂದ ಬೆಲ್ಲ ತರಬೇಕಾದವನು ಗಂಡ. 'ಇದೆಲ್ಲ ಎಂಥ ಮದ್ದು' ಎಂದು ಅವನು ನಕ್ಕರೆ ಅಲ್ಲಿಗೆ ಮುಗಿಯಿತು.

ಮೂರನ್ನೂ ಸರಿಪಡಿಸಿದರು. ತಾಯಂದಿರ ಮಾತಿನಲ್ಲೇ ನಾಲ್ಕೂ ಭೇದಿಗಳ ಹೆಸರು ಹೇಳಿ ಪಾಠ ಮಾಡಿದರು. ಕಾರ್ಯಕರ್ತೆಯರನ್ನು ಢಾಕಾದ ಪ್ರಯೋಗಾಲಯಕ್ಕೆ ಕರೆದೊಯ್ದು, ಈ ನೀರು ಹೇಗೆ ಕೆಲಸ ಮಾಡುತ್ತದೆ ಎಂದು ಕಣ್ಣಾರೆ ತೋರಿಸಿದರು. ಸಂತೆಯಲ್ಲಿ, ಶಾಲೆಯಲ್ಲಿ, ಮಸೀದಿಯಲ್ಲಿ ಗಂಡಸರ ಸಭೆ ಕರೆದರು. ಬಳಕೆ ಏರತೊಡಗಿತು. ಇಂದು ಬಾಂಗ್ಲಾದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಸಾವಿರಕ್ಕೆ ಮೂವತ್ತರ ಆಸುಪಾಸಿಗೆ ಇಳಿದಿದೆ. ಲಸಿಕೆ, ಆಹಾರ, ಹೆಣ್ಣುಮಕ್ಕಳ ಓದು, ಸರಕಾರದ ಕೆಲಸ ಎಲ್ಲವೂ ಸೇರಿ ಆದದ್ದು ಇದು, ಉಪ್ಪು-ಬೆಲ್ಲ ಒಂದರಿಂದಲೇ ಅಲ್ಲ. ಆದರೆ ಅಂದು ಕಲಿತ ತಾಯಿಯ ಮಗಳು ಇಂದು ಅಜ್ಜಿಯಾಗಿದ್ದರೂ ಆ ವಿದ್ಯೆ ಆ ಮನೆಯಲ್ಲಿದೆ. ಈಗ ಅಲ್ಲಿ ಪ್ಯಾಕೆಟ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ತರಬೇಕೆಂಬ ಅರಿವು ಬಂದದ್ದು ಅಂಗಳದ ಪಾಠದಿಂದ.

ನಮ್ಮ ದೇಶದ ಮಾತೂ ಹೇಳಬೇಕಲ್ಲ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭೇದಿಯಾದ ನೂರು ಮಕ್ಕಳಲ್ಲಿ ಓ.ಆರ್.ಎಸ್. ಸಿಕ್ಕಿದ್ದು ಸುಮಾರು ಅರವತ್ತು ಮಕ್ಕಳಿಗೆ. ಉಳಿದ ನಲವತ್ತು ಮನೆಗಳಿಗೆ ಇನ್ನೂ ಯಾರೋ ಹೋಗಬೇಕಾಗಿದೆ.

ಬಡವರಲ್ಲೇ ಬಡವರು

ಇನ್ನು ನಾವು ದೇಶದ ಉತ್ತರ ಮೂಲೆಗೆ ಹೋಗೋಣ. ತೀಸ್ತಾ ಮತ್ತು ಬ್ರಹ್ಮಪುತ್ರ ನದಿಗಳ ಬದಿಯ ರಂಗ್‌ಪುರ, ಕುರಿಗ್ರಾಮ್, ನೀಲ್‌ಫಾಮಾರಿ ಜಿಲ್ಲೆಗಳು. ಬಿತ್ತನೆ ಮುಗಿದು ಕೊಯ್ಲು ಬರುವವರೆಗೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಇಲ್ಲಿ ಕೂಲಿಯೂ ಇಲ್ಲ ಅನ್ನವೂ ಇಲ್ಲ. ಆ ಹಸಿವಿನ ತಿಂಗಳುಗಳಿಗೇ ಅವರು 'ಮೊಂಗಾ' ಎಂಬ ಹೆಸರಿಟ್ಟಿದ್ದರು.

ಬ್ರಾಕ್ ಆ ಹೊತ್ತಿಗೆ ಲಕ್ಷಾಂತರ ಮಹಿಳೆಯರಿಗೆ ಸಣ್ಣ ಸಾಲ ಕೊಡುತ್ತಿತ್ತು. ಆದರೆ ಮರುಭೇಟಿಯಲ್ಲಿ ಕಂಡದ್ದೇನೆಂದರೆ, ತೀರಾ ಬಡವಳು ಸಾಲದ ಸಂಘಕ್ಕೆ ಬರುವುದೇ ಇಲ್ಲ. ವಾರದ ಕಂತು ಕಟ್ಟಲು ಅವಳ ಬಳಿ ಏನಿದೆ? ಸಂಘದವರೂ ಅವಳನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಾರೆ. ಸಾಲ ಎಲ್ಲರಿಗೂ ಮದ್ದಲ್ಲ ಎಂಬುದು ನಮಗೂ ಗೊತ್ತಿದೆ. ಕಂತು ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಆದ್ದರಿಂದ 2002ರಲ್ಲಿ ಈ ಮೂರು ಜಿಲ್ಲೆಗಳಲ್ಲಿ ಹೊಸ ಯೋಜನೆ ಆರಂಭವಾಯಿತು. ಊರವರೇ ಒಂದು ಕಡೆ ಸೇರಿ ನೆಲದ ಮೇಲೆ ಊರಿನ ನಕ್ಷೆ ಬರೆಯುತ್ತಾರೆ. ಒಂದೊಂದು ಮನೆಯನ್ನೂ ಗುರುತಿಸಿ, ಸ್ಥಿತಿವಂತರು ಯಾರು, ಕಡುಬಡವರು ಯಾರು ಎಂದು ಹೇಳುತ್ತಾರೆ. ಆಮೇಲೆ ಕಾರ್ಯಕರ್ತರು ಮನೆಗೇ ಹೋಗಿ ನೋಡುತ್ತಾರೆ. ಹತ್ತು ಸೆಂಟ್ಸ್‌ಗಿಂತ ಕಡಿಮೆ ಜಾಗ, ದುಡಿಯುವ ಗಂಡಸಿಲ್ಲದ ಮನೆ, ಬೇರೆಯವರ ಮನೆಗೆಲಸ ಅಥವಾ ಭಿಕ್ಷೆಯೇ ಆಧಾರ, ಶಾಲೆಗೆ ಹೋಗಬೇಕಾದ ಮಗು ಕೂಲಿಗೆ ಹೋಗುತ್ತಿದೆ. ಇಂಥ ಹೆಂಗಸಿಗೆ ಒಂದು ದನ ಅಥವಾ ಕೆಲವು ಆಡು-ಕೋಳಿ ಕೊಡುತ್ತಾರೆ. ಸಾಲವಾಗಿ ಅಲ್ಲ, ಉಚಿತವಾಗಿ. ದನ ಹಾಲು ಕೊಡುವವರೆಗೆ ಅದನ್ನು ಮಾರದಿರಲು ಊಟದ ಖರ್ಚಿಗೆ ಸ್ವಲ್ಪ ಹಣ. ಸಾಕುವ ತರಬೇತಿ, ಉಳಿತಾಯದ ಅಭ್ಯಾಸ. ಎಲ್ಲಕ್ಕಿಂತ ಮಿಗಿಲಾಗಿ, ಎರಡು ವರ್ಷ ಒಬ್ಬರು ಮನೆ ಬಾಗಿಲಿಗೆ ಬಂದು 'ಹೇಗಿದ್ದೀರಿ, ದನ ಹೇಗಿದೆ' ಎಂದು ಕೇಳುತ್ತಾರೆ. ಯಾರೂ ಕ್ಷೇಮ ವಿಚಾರಿಸದ ವಿಧವೆಗೆ ಆ ಮಾತಿನ ಬೆಲೆ ಎಷ್ಟೆಂದು ನೀವೇ ಯೋಚಿಸಿ.

ಅರ್ಥಶಾಸ್ತ್ರಜ್ಞರು ಈ ಮಹಿಳೆಯರನ್ನು ಏಳು ವರ್ಷದ ಬಳಿಕವೂ ಹುಡುಕಿ ಹೋದರು. ನಾಲ್ಕು ವರ್ಷಕ್ಕೆ ಅವರ ಗಳಿಕೆ ನೂರಕ್ಕೆ ಸುಮಾರು 21ರಷ್ಟು ಹೆಚ್ಚಿತ್ತು. ಏಳನೆಯ ವರ್ಷದಲ್ಲೂ ಆ ಪ್ರಯೋಜನ ಕರಗಿರಲಿಲ್ಲ. ಇದೇ ಮಾದರಿಯನ್ನು ಭಾರತ, ಪಾಕಿಸ್ತಾನ, ಇಥಿಯೋಪಿಯಾ ಸೇರಿ ಆರು ದೇಶಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಐದು ಕಡೆ ಗೆದ್ದಿತು. ಹೊಂಡುರಾಸ್‌ನಲ್ಲಿ ಕೊಟ್ಟ ಕೋಳಿಗಳು ರೋಗ ಬಂದು ಸತ್ತುಹೋಗಿದ್ದವು. ಕೊಟ್ಟ ಕೋಳಿಗಳನ್ನು ಎಣಿಸಿ ಮುಗಿಸಿದ್ದರೆ ಅಲ್ಲೂ ಯಶಸ್ಸೆಂದೇ ಬರೆಯಬಹುದಿತ್ತು!

ಮತ್ತೆ ಮತ್ತೆ ಕೊಡಬೇಕಾದದ್ದು

ಎಲ್ಲ ಸಹಾಯವೂ ಹೀಗೆ ಉಳಿಯುವುದಿಲ್ಲ ಎಂಬುದನ್ನು ತಿಳಿಯಲು ಕೊನೆಯದಾಗಿ ದಕ್ಷಿಣದ ಕಾಕ್ಸ್ ಬಝಾರ್‌ಗೆ ಹೋಗಬೇಕು. ಉದ್ದದ ಸುಂದರ ಕಡಲತೀರ. ಅಲ್ಲಿಂದ ಒಳಗೆ ಹೋದರೆ ಕುತುಪಾಲಂಗ್. ಗುಡ್ಡಗಳ ಮೇಲೆಲ್ಲ ಬಿದಿರು ಮತ್ತು ತಾಡಪಾಲಿನ ಗೂಡುಗಳು. 2017ರ ಆಗಸ್ಟ್‌ನಿಂದ ಮ್ಯಾನ್ಮಾರ್ ಬಿಟ್ಟು ಓಡಿಬಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಇಲ್ಲಿ ನೆಲೆಯಾದರು. ಇಲ್ಲಿಯೂ ಬ್ರಾಕ್ ಇದೆ, ಜಗತ್ತಿನ ಅನೇಕ ಸಂಸ್ಥೆಗಳಿವೆ. ಆದರೆ ನಿರಾಶ್ರಿತನಿಗೆ ಹೊರಗೆ ಹೋಗಿ ದುಡಿಯುವ ಹಕ್ಕಿಲ್ಲ, ಸ್ವಂತ ಊರಿಗೆ ಮರಳುವ ದಾರಿಯಿಲ್ಲ. ಹಾಗಾಗಿ ಪ್ರತಿ ತಿಂಗಳೂ ಪಡಿತರ ಕೊಡಲೇಬೇಕು. 2023ರಲ್ಲಿ ಹಣ ಸಾಲದೆ ತಲೆಗೆ ತಿಂಗಳಿಗೆ 12 ಡಾಲರ್ ಇದ್ದ ಪಡಿತರ 10ಕ್ಕೆ, ಬಳಿಕ 8ಕ್ಕೆ ಇಳಿಯಿತು. ತಾಯಂದಿರು ತಮ್ಮ ತಟ್ಟೆಯಿಂದ ಮಕ್ಕಳ ತಟ್ಟೆಗೆ ಹಾಕಬೇಕಾಯಿತು.

ಇಲ್ಲಿ ವರ್ಷ ವರ್ಷವೂ ಬರುವ ದೊಡ್ಡ ಸಂಖ್ಯೆ ಸಾಧನೆಯ ಗುರುತಲ್ಲ; ಗಾಯ ಇನ್ನೂ ಮಾಗಿಲ್ಲ ಎಂಬುದರ ಗುರುತು. ಹಾಗೆಂದು ಕೊಡುವುದನ್ನು ನಿಲ್ಲಿಸಬಹುದೇ? ಖಂಡಿತ ಇಲ್ಲ. ಹಸಿದವರಿಗೆ ಇಂದು ಅನ್ನವೇ ಬೇಕು. ಆದರೆ ಅನ್ನದ ಲೆಕ್ಕವನ್ನೂ ವಿದ್ಯೆಯ ಲೆಕ್ಕವನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸಿ 'ಇಷ್ಟು ಜನರ ಬದುಕು ಬದಲಾಯಿತು' ಎಂದು ಬರೆಯುವುದು ನ್ಯಾಯವಲ್ಲ.

ನಮ್ಮ ಊರಿನ ಪಟ್ಟಿ

ಆಬೇದ್ 2019ರ ಡಿಸೆಂಬರ್ 20ರಂದು ತೀರಿಕೊಂಡರು. ಅವರು ಹುಟ್ಟುಹಾಕಿದ ಸಂಸ್ಥೆ ಏಷ್ಯಾ, ಆಫ್ರಿಕಾಗಳ ಹತ್ತಕ್ಕೂ ಹೆಚ್ಚು ದೇಶಗಳಲ್ಲಿ ಕೆಲಸ ಮಾಡುತ್ತಿದೆ. ಅಷ್ಟು ದೊಡ್ಡದು ನಮ್ಮಿಂದ ಆಗದಿರಬಹುದು. ಆದರೆ ಅವರ ಒಂದು ಅಭ್ಯಾಸ ನಮ್ಮದಾಗಬಹುದು.

ನಮ್ಮ ಜಮಾಅತ್‌ಗಳು, ಮಹಿಳಾ ಸಂಘಗಳು ಪ್ರತಿ ವರ್ಷ ಎಷ್ಟೊಂದು ಕೊಡುತ್ತವೆ! ರಮಝಾನಿನಲ್ಲಿ ಕಿಟ್, ಶಾಲೆ ತೆರೆಯುವಾಗ ಪುಸ್ತಕ, ಸಭೆಯಲ್ಲಿ ವಿಧವೆಯರಿಗೆ ಹೊಲಿಗೆ ಯಂತ್ರ. ಫೋಟೋ ತೆಗೆಯುತ್ತೇವೆ, ವರದಿ ಓದುತ್ತೇವೆ. ಆರು ತಿಂಗಳ ಬಳಿಕ ಆ ಯಂತ್ರ ಎಲ್ಲಿದೆ ಎಂದು ಹೋಗಿ ನೋಡಿದವರು ಎಷ್ಟು ಮಂದಿ? ಅದು ಮಂಚದಡಿಯಲ್ಲಿ ತುಕ್ಕು ಹಿಡಿಯುತ್ತಿರಬಹುದು, ಮಗುವಿನ ಆಸ್ಪತ್ರೆ ಖರ್ಚಿಗೆ ಮಾರಾಟವಾಗಿರಬಹುದು. ಮಾರಿದ್ದರೆ ಅವಳನ್ನು ಬೈಯಬೇಡಿ. ಅವಳಿಗೆ ಬೇಕಾಗಿದ್ದದ್ದು ಯಂತ್ರವಲ್ಲ, ಹೊಲಿಗೆ ಕಲಿಸುವವರು, ಅಥವಾ ಬಟ್ಟೆ ಕೊಡುವ ನಾಲ್ಕು ಗಿರಾಕಿಗಳು, ಅಥವಾ ಮೊದಲ ಮೂರು ತಿಂಗಳ ಅಕ್ಕಿ ಎಂದು ತಿಳಿದುಕೊಂಡು ಬನ್ನಿ. ಮುಂದಿನ ವರ್ಷದ ಯಂತ್ರ ಸರಿಯಾದ ಮನೆಗೆ ಹೋಗುತ್ತದೆ.

ಈ ಮರುಭೇಟಿಯನ್ನು ನಮ್ಮಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು ಸಹೋದರಿಯರೇ. ಸಮಿತಿಯ ಗಂಡಸರು ಅಂಗಳದಲ್ಲೇ ನಿಂತು ಮಾತನಾಡಿ ಬರುತ್ತಾರೆ. ನೀವಾದರೆ ಅಡುಗೆಮನೆಯವರೆಗೂ ಹೋಗುತ್ತೀರಿ. ಒಲೆಯ ಮೇಲೆ ಏನಿದೆ, ಡಬ್ಬದಲ್ಲಿ ಎಷ್ಟು ಅಕ್ಕಿ ಉಳಿದಿದೆ, ಹಿರಿಯ ಮಗಳು ಶಾಲೆಗೆ ಹೋಗುತ್ತಿದ್ದಾಳೋ ಇಲ್ಲವೋ ಎಂಬುದು ನಿಮ್ಮ ಕಣ್ಣಿಗೆ ಕೇಳದೆಯೇ ಕಾಣುತ್ತದೆ. ಕಳೆದ ವರ್ಷ ಸಹಾಯ ಪಡೆದವರ ಪಟ್ಟಿ ನಿಮ್ಮ ಸಂಘದ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಹೊಸ ಪಟ್ಟಿ ಬರೆಯುವ ಮೊದಲು ಅದರಿಂದ ಐದು ಮನೆಗಳನ್ನು ಆರಿಸಿ, ಇಬ್ಬರು ಜೊತೆಯಾಗಿ, ಕ್ಯಾಮರಾ ಇಲ್ಲದೆ ಹೋಗಿ ಬನ್ನಿ.